ಪ್ರಣವ್, ಗಿಡ ಹಳದಿ ಆಗ್ತಿದೆ ಅಂದ್ಯಲ್ಲ, ಮೊದ್ಲು ಯಾವ ಎಲೆ ಅಂತ ನೋಡೋ

ಪ್ರಣವ್, ಗ್ರೂಪ್‌ಗೆ ಹಾಕಿದ್ಯಲ್ಲ ಅಕ್ವೇರಿಯಂ ಫೋಟೋ, ದೊಡ್ಡದು ಮಾಡಿ ನೋಡ್ದೆ ಕಣೋ. ಮೊದ್ಲು, ಅಲ್ಲೇ ಯೂರಿಯಾ ಹಾಕು ಅಂದ ರಾಜಣ್ಣನಿಗೆ ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ ರಾಜಣ್ಣ, ಟೆರೇಸ್ ಗುಲಾಬಿಗೆ ಹಾಕೋ ಯೂರಿಯಾ ಮೀನಿನ ತೊಟ್ಟಿಗೆ ಬೇಡ. ಅದು ನೀರಲ್ಲಿ ಅಮೋನಿಯಾ ಆಗುತ್ತೆ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ) ಜಾಸ್ತಿ ಇದ್ರೆ ಇನ್ನೂ ವಿಷ. ಎಲೆ ಹಸಿರಾಗೋದ್ರೊಳಗೆ ಮೀನು ತೇಲುತ್ತೆ.

ಈಗ ನೋಡು. ಎಡಗಡೆ ಹೈಗ್ರೋಫಿಲಾ ಗಿಡದಲ್ಲಿ ಕೆಳಗಿನ ಹಳೇ ಎಲೆಗೆ ಮಾತ್ರ ಸೂಜಿ ಚುಚ್ಚಿದ ಹಾಗೆ ತೂತು, ಸುತ್ತ ಹಳದಿ. ಅದು ಬಹುಪಾಲು ಪೊಟ್ಯಾಶಿಯಂ ಕೊರತೆ. ಪೊಟ್ಯಾಶಿಯಂ, ಸಾರಜನಕ, ಮೆಗ್ನೀಶಿಯಂ ಇವೆಲ್ಲ ಸಾಲದೇ ಹೋದ್ರೆ ಗಿಡ ಹಳೇ ಎಲೆಯಿಂದ ಎಳ್ಕೊಂಡು ಚಿಗುರಿಗೆ ಕೊಡುತ್ತೆ. ಕಬ್ಬಿಣ ಹಾಗಲ್ಲ, ಒಂದ್ಸಲ ಎಲೆ ಸೇರಿದ್ರೆ ಅಲ್ಲೇ ಕೂರುತ್ತೆ. ಹಾಗಾಗಿ ಅದು ಸಾಲದಿದ್ರೆ ಹೊಸ ಚಿಗುರಲ್ಲೇ ಮೊದ್ಲು ಕಾಣುತ್ತೆ. ಅದಕ್ಕೇ ನಿನ್ನ ರೋಟಾಲಾ ಗಿಡದ ತುದಿ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿರೋದು.

"ಕಬ್ಬಿಣದ ದ್ರಾವಣ ಹಾಕ್ತಾನೇ ಇದೀನಿ ಅತ್ತೆ" ಅಂತೀಯ. ಬಾಟಲಿ ಹಿಂದೆ ಓದು. ಜಯನಗರದಲ್ಲಿದ್ದಾಗ ಕಾವೇರಿ ನೀರು ಬರ್ತಿತ್ತು. ಈಗ ವೈಟ್‌ಫೀಲ್ಡ್‌ಗೆ ಹೋದ್ಮೇಲೆ ಟ್ಯಾಂಕರು, ಬೋರ್‌ವೆಲ್ಲು. ಕೆಟಲ್ ತಳದಲ್ಲಿ ಬಿಳಿ ಪದರ ಕೂರ್ತಿದೆ ಅಂತ ನಿಮ್ಮಮ್ಮನೇ ಹೇಳಿದ್ರು, ಅಂದ್ರೆ ಗಡಸು ನೀರು, ಪಿಎಚ್ ಕೂಡ ಜಾಸ್ತಿ ಇರಬಹುದು. ಬಾಟಲಿ ಮೇಲೆ ಇಡಿಟಿಎ (ಕಬ್ಬಿಣ ನೀರಲ್ಲಿ ಕರಗಿಯೇ ಇರೋ ಹಾಗೆ ಹಿಡಿದಿಡೋ ರಾಸಾಯನಿಕ) ಅಂತ ಬರೆದಿದ್ರೆ ಪಿಎಚ್ 7 ದಾಟಿದ ನೀರಲ್ಲಿ ಆ ಕಬ್ಬಿಣ ಬೇಗ ಕೈಕೊಡುತ್ತೆ, ಗಿಡಕ್ಕೆ ಸಿಗಲ್ಲ. ಅಂಥದ್ದೇ ಇನ್ನೊಂದು, ಡಿಟಿಪಿಎ ಇರೋದು ಸುಮಾರು 7.5ರವರೆಗೂ ತಡೆಯುತ್ತೆ. ಮೊದ್ಲು ಪಿಎಚ್ ಅಳೆದು ನೋಡು, ಆಮೇಲೆ ದುಡ್ಡು ಖರ್ಚು ಮಾಡು.

ರೋಟಾಲಾ ಕೆಂಪು ಹೋಗಿ ಹಸಿರಾಯ್ತು ಅನ್ನೋದು ಬೇರೆ ವಿಷಯ, ಅದು ರೋಗ ಅಲ್ಲ. ಬೆಳಕು ಸಾಲದಿದ್ರೆ, ನೀರಲ್ಲಿ ನೈಟ್ರೇಟ್ ಜಾಸ್ತಿ ಇದ್ರೆ ಆ ಕೆಂಪು ನಿಲ್ಲಲ್ಲ. ನನಗಂತೂ ಹಸಿರೇ ಚಂದ.

ಕ್ರಿಪ್ಟೊಕೊರೈನ್ ಗಿಡ ಕೊಳೆತು ಲೋಳೆ ಆಯ್ತು ಅಂತ ಬುಡಸಮೇತ ಕಿತ್ತು ಎಸೀಬೇಡ ಮಾರಾಯ! ನೀರು ಬದಲಾದ್ರೆ ಅದು ಹೀಗೇ ಎಲೆ ಉದುರಿಸುತ್ತೆ. ಅದರ ಕೆಲವು ಜಾತಿ ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಇವೆ, ಮಳೆಗಾಲದಲ್ಲಿ ಮುಳುಗಿರ್ತವೆ, ಬೇಸಿಗೆಲಿ ನೀರಿಳಿದ್ರೆ ಮೇಲೆ ಬರ್ತವೆ. ಎಲೆ ಬದಲಾಯಿಸೋದು ಅದಕ್ಕೆ ಹೊಸದಲ್ಲ. ಕೊಳೆತಿದ್ದು ಕತ್ತರಿಸಿ ತೆಗಿ, ಬೇರು ಮುಟ್ಟಬೇಡ. ಜಾವಾ ಫರ್ನ್ ಎಲೆ ಹಿಂದೆ ಸಾಲಾಗಿ ಕಪ್ಪು ಚುಕ್ಕೆ ಇದೆಯಲ್ಲ, ಅದು ಬೀಜಕಗಳು, ಗಾಬರಿ ಬೇಡ.

ತೂತಾದ ಎಲೆ ಮತ್ತೆ ತುಂಬಲ್ಲ, ಗೊತ್ತಿರಲಿ. ಗೊಬ್ಬರ ಹಿಡೀತಾ ಇಲ್ವಾ ಅಂತ ಹೊಸ ಚಿಗುರು ನೋಡಿ ಹೇಳಬೇಕು, ಮುಂದಿನ ಫೋಟೋ ಅದರದ್ದೇ ತೆಗಿ. ಮತ್ತೆ ಲೈಟ್ ದಿನಕ್ಕೆ ಎಷ್ಟು ಹೊತ್ತು ಹಾಕ್ತೀಯ ಅಂತಲೂ ಹೇಳು. ಬೆಳಿಗ್ಗೆಯಿಂದ ನೀನು ಮಲಗೋವರೆಗೂ ಅಂದ್ರೆ ಪಾಚಿ ಗ್ಯಾರಂಟಿ. 6ರಿಂದ 8 ಗಂಟೆ ಸಾಕು.