ಅಂಗಡಿ ಲೆಕ್ಕಕ್ಕೆ ಗ್ನೂಕ್ಯಾಶ್ ಸಾಕಾ?

ಡೊಂಬಿವಲಿ ತಿಂಡಿಮನೆ:
ನಮಸ್ಕಾರ. ನಾನೂ ತಂಗಿಯೂ ಸೇರಿ ಡೊಂಬಿವಲಿಯಲ್ಲಿ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಮಾಡಿ ಆರು ಅಂಗಡಿಗೆ ಉದ್ರಿ ಕೊಡುತ್ತೇವೆ. ಕಳೆದ ಮಳೆಗಾಲದಲ್ಲಿ ಲೆಕ್ಕದ ಪುಸ್ತಕ ನೆನೆದು ಎರಡು ತಿಂಗಳ ಬಾಕಿ ಅಳಿಸಿಹೋಯಿತು. ತುಂಬಾ ಬೇಜಾರಾಯಿತು. ವರ್ಷವರ್ಷ ದುಡ್ಡು ಕಟ್ಟುವ ಸಾಫ್ಟ್‌ವೇರ್ ನಮಗೆ ಆಗಲ್ಲ. ಪುಕ್ಕಟೆ ಸಿಗುವ ಲೆಕ್ಕದ ಸಾಫ್ಟ್‌ವೇರ್ ಗ್ನೂಕ್ಯಾಶ್ ಯಾರಾದರೂ ಬಳಸಿದ್ದೀರಾ? ಜಿಎಸ್‌ಟಿಗೂ ಆಗುತ್ತಾ?

ಪುಣೆ ಪ್ರೆಸ್:
ಅಕ್ಕ, ನನ್ನ ಪ್ರಿಂಟಿಂಗ್ ಪ್ರೆಸ್ ಲೆಕ್ಕ ನಾಲ್ಕು ವರ್ಷದಿಂದ ಅದರಲ್ಲೇ ಇದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಪ್ರತಿ ವ್ಯವಹಾರವೂ ಎರಡು ಖಾತೆಯಲ್ಲಿ ಕೂರುತ್ತದೆ. ಎಣ್ಣೆ ತಂದಿರಾ? ನಗದಿನಿಂದ ಹೋಯಿತು, ಕಚ್ಚಾ ಮಾಲಿಗೆ ಬಂತು. ನಿಮಗೆ ಮುಖ್ಯವಾಗಿ ಬೇಕಾದ್ದು ಬಿಸಿನೆಸ್ ಮೆನು. ಪ್ರತಿ ಅಂಗಡಿಯನ್ನೂ ಕಸ್ಟಮರ್ ಅಂತ ಸೇರಿಸಿ, ಬಿಲ್ ಅಲ್ಲೇ ಹಾಕಿ. ರಿಸೀವಬಲ್ ಏಜಿಂಗ್ ರಿಪೋರ್ಟ್ ತೆಗೆದರೆ ಯಾರ ಬಾಕಿ 30 ದಿನ ದಾಟಿದೆ, ಯಾರದ್ದು 60 ದಾಟಿದೆ, ಎಲ್ಲ ಕಾಣುತ್ತದೆ. ನನಗಂತೂ ಇದೊಂದೇ ಸಾಕು!

ಜಿಎಸ್‌ಟಿ ರಿಟರ್ನ್ ಮಾತ್ರ ಅದು ತಯಾರಿಸಲ್ಲ. ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿಗೆ (ರಾಜ್ಯದ ಪಾಲು) ಬೇರೆಬೇರೆ ಖಾತೆ ತೆರೆದು, ತೆರಿಗೆ ದರ ಬರೆದಿಡುವ ಟ್ಯಾಕ್ಸ್ ಟೇಬಲ್‌ಗೆ ಜೋಡಿಸಿ. ಮೊತ್ತ ಸಿಗುತ್ತದೆ, ಪೋರ್ಟಲ್‌ನಲ್ಲಿ ನೀವೇ ತುಂಬಬೇಕು.

ಮಡಗಾಂವ್ ಹಾರ್ಡ್‌ವೇರ್:
ಲೆಕ್ಕ, ಸ್ಟಾಕ್ ಎಲ್ಲ ನೋಡುವ ಇಆರ್‌ಪಿನೆಕ್ಸ್ಟ್ ಸಾಫ್ಟ್‌ವೇರ್ ಕೂಡ ಗ್ನೂಕ್ಯಾಶ್ ತರಹ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತ), ಮುಂಬೈ ಕಂಪನಿಯದೇ. ಸ್ಟಾಕ್ ಜಾಸ್ತಿ ಇರುವ ನನಗೆ ಸರಿ. ಆದರೆ ದುಡ್ಡು ಕಟ್ಟದೆ ಬಳಸಬೇಕೆಂದರೆ ಸರ್ವರ್ ನಾವೇ ನೋಡಿಕೊಳ್ಳಬೇಕು. ಆರು ಅಂಗಡಿಗೆ ಅಷ್ಟು ಕಷ್ಟ ಸುಮ್ನೆ ಯಾಕೆ? ಗ್ನೂಕ್ಯಾಶೇ ಸಾಕು, ಪ್ರತಿ ರಾತ್ರಿ ಅದರ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಡಿ, ಮರೀಬೇಡಿ.

ಡೊಂಬಿವಲಿ ತಿಂಡಿಮನೆ:
ಇಬ್ಬರಿಗೂ ಧನ್ಯವಾದ. ಇವತ್ತೇ ಆರು ಕಸ್ಟಮರ್ ಸೇರಿಸುತ್ತೇನೆ. ಹಳೆ ಬಾಕಿಯನ್ನು ಓಪನಿಂಗ್ ಬ್ಯಾಲೆನ್ಸ್‌ನಲ್ಲಿ (ಆರಂಭದ ಶಿಲ್ಕು) ಒಟ್ಟಿಗೆ ಹಾಕಲಾ, ಹಳೆ ತಾರೀಕಿನ ಬಿಲ್ ಮಾಡಲಾ?

ಪುಣೆ ಪ್ರೆಸ್:
ಹಳೆ ತಾರೀಕಿನ ಬಿಲ್ಲೇ ಮಾಡಿ ಅಕ್ಕ. ಇಲ್ಲದಿದ್ದರೆ ಏಜಿಂಗ್‌ನಲ್ಲಿ ಅಂಗಡಿವಾರು ಬರಲ್ಲ.