ಸುರಿನಾಮ್ ಗುಲಾಮರ ರಿಜಿಸ್ಟರ್: ನನ್ನ ಕೋಡ್ ಬೇರೆ ಬೇರೆ ಜನರನ್ನು ಒಬ್ಬರೇ ಅಂತ ಸೇರಿಸ್ತಿದೆ, ಸಹಾಯ ಬೇಕು

ನೇತ್ರಾವತಿದಡ:
ಎಲ್ಲರಿಗೂ ನಮಸ್ಕಾರ. ನಾನಿರುವುದು ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್‌ನಲ್ಲಿ, ಕೆಲಸ ಡೇಟಾ ಎಂಜಿನಿಯರಿಂಗ್. ಪ್ರತಿ ಜುಲೈ 1ರಂದು ಇಲ್ಲಿ ಕೇಟಿ ಕೋಟಿ ಹಬ್ಬ ನಡೆಯುತ್ತದೆ. ಸುರಿನಾಮ್‌ನ ಸ್ರಾನನ್ ಭಾಷೆಯಲ್ಲಿ ಅದರ ಅರ್ಥ ಸರಪಳಿ ಕಡಿಯಿತು ಅಂತ. 1863ರ ಆ ದಿನ ಡಚ್ಚರು ದಕ್ಷಿಣ ಅಮೆರಿಕದ ತಮ್ಮ ವಸಾಹತು ಸುರಿನಾಮ್‌ನಲ್ಲಿ ಗುಲಾಮಗಿರಿ ರದ್ದು ಮಾಡಿದರು. ಕಳೆದ ವರ್ಷ ನಾನೂ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಫೋನ್ ತೆಗೆದು, ತಮ್ಮ ಮುತ್ತಜ್ಜಿಯ ತಾಯಿಯ ಹೆಸರಿರುವ ಗುಲಾಮರ ರಿಜಿಸ್ಟರಿನ ಪುಟ ತೋರಿಸಿದರು. ಕಂದು ಶಾಯಿ, ಓರೆ ಬರಹ, ಒಂದೇ ಒಂದು ಸಾಲು. ಅವತ್ತಿಂದ ಈ ಕೆಲಸ ತಲೆಯಲ್ಲಿ ಕೂತುಬಿಟ್ಟಿದೆ.

ಡೇಟಾ ಎಲ್ಲಿಂದ ಅಂದ್ರೆ, ನೆದರ್‌ಲ್ಯಾಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯ ಮತ್ತು ಸುರಿನಾಮ್‌ನ ರಾಜಧಾನಿ ಪರಾಮಾರಿಬೋದ ಆಂಟನ್ ಡೆ ಕೊಮ್ ವಿಶ್ವವಿದ್ಯಾಲಯ ಸೇರಿ ನಡೆಸಿದ ಯೋಜನೆ. ನೂರಾರು ಸ್ವಯಂಸೇವಕರು 2017ರಲ್ಲಿ ಸ್ಕ್ಯಾನ್ ನೋಡಿಕೊಂಡು ಒಂದೊಂದೇ ಸಾಲು ಟೈಪ್ ಮಾಡಿದರು. ರಿಜಿಸ್ಟರು ನಾಲ್ಕು ಸರಣಿಯಲ್ಲಿವೆ: 1830–38, 1838–48, 1848–51, 1851–63. ಪ್ರತಿ ಸಲ ಹೊಸ ಪುಸ್ತಕ ತೆರೆದಾಗ ಬದುಕಿದ್ದವರನ್ನೆಲ್ಲ ಮತ್ತೆ ಬರೆದಿದ್ದಾರೆ. ಹಾಗಾಗಿ ಒಬ್ಬರಿಗೇ ನಾಲ್ಕೈದು ಸಾಲು. ಅವನ್ನು ಪೋಣಿಸಿ ಒಂದು ಜೀವನ ಮಾಡಬೇಕು.

ನಾನು ಮಾಡಿದ್ದು: ಹೆಸರಿಗೆ ಜಾರೋ-ವಿಂಕ್ಲರ್ (ಎರಡು ಹೆಸರು ಎಷ್ಟು ಹೋಲುತ್ತವೆ ಅಂತ 0ಯಿಂದ 1ರವರೆಗೆ ಅಳೆಯುವ ಅಂಕ) 0.9, ಹುಟ್ಟಿದ ವರ್ಷ ±3, ಲಿಂಗ ಒಂದೇ ಇರಬೇಕು. ಫಲಿತಾಂಶದಲ್ಲಿ ಒಬ್ಬ ಹೆಂಗಸು ಹೀಗೆ ಬಂದಳು (ಗುರುತು ಸಿಗದ ಹಾಗೆ ಹೆಸರು ಬಿಟ್ಟು ವರ್ಷ ಬದಲಿಸಿದ್ದೇನೆ): 14 ಮಕ್ಕಳು, ಮೊದಲ ಮಗುವಾದಾಗ ಅವಳಿಗೆ 9 ವರ್ಷ, 1844ರಲ್ಲಿ ಸತ್ತಳು, 1857ರಲ್ಲಿ ಇನ್ನೊಮ್ಮೆ ಸತ್ತಳು. ಜೋಡಣೆಯ ಕೋಡ್ ಲಗತ್ತಿಸಿದ್ದೇನೆ. ಎಲ್ಲಿ ತಪ್ಪಾಗ್ತಿದೆ?

ಕೋಡುಬಳೆ:
ಮೊದಲು ಕಟ್ಆಫ್ ಏರಿಸಿ ನೋಡಿ. ಹೆಸರು 0.96, ವರ್ಷ ±1. ಒಂದೇ ವ್ಯಕ್ತಿಗೆ ಎರಡು ಸಾವು ಬಂದರೆ ತಿರಸ್ಕರಿಸುವ ನಿಯಮವನ್ನೂ ಹಾಕಿ.

ನೇತ್ರಾವತಿದಡ:
ಮಾಡಿದೆ. ಎರಡು ಸಾವು ಹೋಯ್ತು. ಆದರೆ ಕಣ್ಣಿಗೆ ಕಾಣುವಂಥ ಸರಿಯಾದ ಜೋಡಿಗಳೂ ಜಾಸ್ತಿ ಹೋದವು. ಒಂದೇ ಹೆಸರನ್ನು ಒಂದು ಪುಸ್ತಕದಲ್ಲಿ ಸಿ ಅಕ್ಷರದಿಂದ, ಇನ್ನೊಂದರಲ್ಲಿ ಕೆ ಅಕ್ಷರದಿಂದ ಬರೆದಿದ್ದಾರೆ. ಪಿಎಚ್ ಇದ್ದದ್ದು ಎಫ್ ಆಗುತ್ತದೆ. ದೊಡ್ಡವರ ವಯಸ್ಸು ಅಂದಾಜಿನದ್ದು, ಪುಸ್ತಕದಿಂದ ಪುಸ್ತಕಕ್ಕೆ ಐದು ವರ್ಷ ಜಾರುತ್ತದೆ. ಬಿಗಿ ಮಾಡಿದರೆ ಒಬ್ಬಳು ಎರಡು ತುಂಡಾಗುತ್ತಾಳೆ, ಸಡಿಲ ಮಾಡಿದರೆ ಮೂವರು ಒಂದಾಗುತ್ತಾರೆ.

ಷರಾಓದುಗ:
ಅಮ್ಮಾ, ನಿಮ್ಮ ಕೋಡ್ ನೋಡಿದೆ. ನಾನು ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಪಹಣಿ, ಮ್ಯುಟೇಷನ್ ನೋಡಿದವನು. ನಿವೃತ್ತಿ ಆದಮೇಲೆ ಮಗಳ ಜೊತೆ ಲೈಡನ್‌ನಲ್ಲಿದ್ದಾಗ ಡಚ್ ಕಲಿತು ಈ ರಿಜಿಸ್ಟರುಗಳನ್ನು ಓದಿದ್ದೇನೆ. ನೀವು ಇದನ್ನು ಜನಗಣತಿ ಪಟ್ಟಿಯ ಥರ ನೋಡ್ತಿದ್ದೀರಿ. ಹೆಸರು, ವಯಸ್ಸು, ಲಿಂಗ, ಅಷ್ಟೇ. ಇದು ಆಸ್ತಿಯ ಖಾತೆ ಪುಸ್ತಕ. ಖಾತೆ ಇರುವುದು ಮಾಲೀಕನ ಹೆಸರಲ್ಲಿ, ಜನ ಅದರ ಕೆಳಗಿನ ಸಾಲುಗಳು. ಬರೆಯಲು ಸಂಕಟವಾಗುತ್ತದೆ, ಆದರೆ ಸರ್ವೆ ನಂಬರ್ ಖಾತೆಯಿಂದ ಖಾತೆಗೆ ಹೋಗುವ ಹಾಗೇ ಇಲ್ಲಿ ಮನುಷ್ಯರು ಹೋಗಿದ್ದಾರೆ. ನೀವು ಖಾತೆ ಬದಲಾವಣೆಯ ಬೆನ್ನು ಹತ್ತಬೇಕು.

ಈ ಪುಸ್ತಕ ಯಾಕೆ ಬಂತು ಅಂತ ನೆನಪಿಟ್ಟುಕೊಳ್ಳಿ. ಡಚ್ಚರು 1814ರಲ್ಲಿ ಆಫ್ರಿಕಾದಿಂದ ಗುಲಾಮರನ್ನು ತರುವ ವ್ಯಾಪಾರ ನಿಷೇಧಿಸಿದರು. ಆಮೇಲೂ ಕದ್ದು ತರುತ್ತಿದ್ದರು. ಅದನ್ನು ತಡೆಯಲಿಕ್ಕೆ ನೋಂದಣಿ ಬಂತು. ಅಂದರೆ ನಿಯಮದ ಪ್ರಕಾರ ಒಂದು ಖಾತೆಗೆ ಹೊಸ ಹೆಸರು ಬರಲು ಎರಡೇ ದಾರಿ. ಅಲ್ಲೇ ಹುಟ್ಟಬೇಕು, ಇಲ್ಲಾ ಇನ್ನೊಂದು ಖಾತೆಯಿಂದ ಬರಬೇಕು. ಇಪ್ಪತ್ತು ವರ್ಷದವಳೊಬ್ಬಳು ಇದ್ದಕ್ಕಿದ್ದಂತೆ ಒಂದು ತೋಟದ ಖಾತೆಯಲ್ಲಿ ಕಾಣಿಸಿಕೊಂಡರೆ, ಇನ್ನೆಲ್ಲೋ ಒಂದು ಖಾತೆಯಿಂದ ಅವಳು ಹೊರಗೆ ಹೋಗಿರಲೇಬೇಕು. ಆ ಎರಡು ಸಾಲನ್ನು ಮೊದಲು ಜೋಡಿಸಿ. ಷರಾ ಕಾಲಮ್‌ನಲ್ಲಿ ಯಾರಿಗೆ ಮಾರಿದರು, ಯಾರಿಂದ ಬಂದಳು ಅಂತ ಇರುತ್ತದೆ. ತಾರೀಖು ಎರಡೂ ಕಡೆ ಪೂರ್ತಿ ಹೊಂದದಿದ್ದರೂ ಪರವಾಗಿಲ್ಲ, ಸ್ವಲ್ಪ ಅಂತರ ಬಿಡಿ.

ಎರಡನೆಯದು ತಾಯಿ. ತಂದೆಯ ಹೆಸರು ಸಿಗುವುದಿಲ್ಲ, ಹುಡುಕಬೇಡಿ. ಮಗು ಗುಲಾಮ ಹೌದೋ ಅಲ್ಲವೋ ಅನ್ನುವುದು ತಾಯಿಯ ಮೇಲೆ ನಿಂತಿತ್ತು, ಹಾಗಾಗಿ ತಾಯಿಯನ್ನು ಮಾತ್ರ ಬರೆದುಕೊಂಡರು. ಆ ಕ್ರೂರ ಕಾನೂನೇ ಇವತ್ತು ನಮಗೆ ಹಿಡಿಯಲು ಸಿಗುವ ದಾರ. ಹಳೆಯ ಸಾಲುಗಳಲ್ಲಿ ತಾಯಿ ಹೆಸರು ಖಾಲಿ ಇದ್ದರೆ, ಖಾಲಿಯನ್ನು ಖಾಲಿ ಅಂತಲೇ ಇಡಿ. ನಿಮ್ಮ ಕೋಡ್‌ನಲ್ಲಿ ಖಾಲಿಗೆ ಖಾಲಿ ಹೊಂದಿದರೆ ಪೂರ್ತಿ ಅಂಕ ಹೋಗ್ತಿದೆ, 62ನೇ ಸಾಲು ನೋಡಿ.

ಕೋಡುಬಳೆ:
ಷರಾಓದುಗ ಸರ್ ಹೇಳಿದ್ದು ಸರಿ, ನನ್ನ ಸಲಹೆ ಹಿಂದಕ್ಕೆ ತಗೊಳ್ತೇನೆ. ಇನ್ನೊಂದು ಸೇರಿಸ್ತೇನೆ. ಹೆಸರುಗಳನ್ನು ಇಟ್ಟವರು ಬಹುಪಾಲು ಮಾಲೀಕರು, ಅವೇ ಹೆಸರು ತೋಟದಿಂದ ತೋಟಕ್ಕೆ ಮರಳಿ ಬರುತ್ತವೆ. ಸಾವಿರ ಸಲ ಬರುವ ಹೆಸರು ಹೊಂದಿತು ಅಂದರೆ ಏನೂ ಹೇಳಿದ ಹಾಗಲ್ಲ. ಮೂರೇ ಸಲ ಬರುವ ಹೆಸರು ಹೊಂದಿದರೆ ಅದು ದೊಡ್ಡ ಸುಳಿವು. ದಾಖಲೆ ಜೋಡಿಸುವ ಸಾಫ್ಟ್‌ವೇರ್ ಸ್ಪ್ಲಿಂಕ್‌ನಲ್ಲಿ ಹೆಸರು ಎಷ್ಟು ಸಲ ಬರುತ್ತದೆ ಅನ್ನುವುದರ ಮೇಲೆ ತೂಕ ಬದಲಿಸುವ ಸೌಲಭ್ಯ ಇದೆ, ಆನ್ ಮಾಡಿ. ಮತ್ತೆ, ಹೆಸರನ್ನು ಕ್ಲೀನ್ ಮಾಡುವ ಫಂಕ್ಷನ್ ಇಲ್ಲಿ ಹಾಕ್ತೀರಾ? ನನಗೆ ಅದರ ಮೇಲೆ ಅನುಮಾನ.

ನೇತ್ರಾವತಿದಡ:
ನಿಮ್ಮ ಅನುಮಾನ ನಿಜ ಆಯ್ತು. ನನ್ನ ಫಂಕ್ಷನ್ ಮೊದಲ ಪದ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತಿತ್ತು. ಕತ್ತರಿಸಿದ್ದನ್ನು ಪಟ್ಟಿ ಮಾಡಿ ನೋಡಿದರೆ 'ಗ್ರೋಟ್', 'ಕ್ಲೇನ್'. ಅಂದರೆ ದೊಡ್ಡ, ಚಿಕ್ಕ. ಊರಲ್ಲಿ ನಾವು ದೊಡ್ಡ ಲಕ್ಷ್ಮಿ, ಚಿಕ್ಕ ಲಕ್ಷ್ಮಿ ಅಂತ ಕರೀತೇವಲ್ಲ, ಹಾಗೆ. ಒಂದೇ ತೋಟದಲ್ಲಿ ಒಂದೇ ಹೆಸರಿನ ಇಬ್ಬರಿದ್ದಾಗ ಬೇರೆ ಮಾಡಲು ಇದ್ದದ್ದು ಆ ಒಂದು ಪದ. ಅದನ್ನೇ ನಾನು ಕಸ ಅಂತ ಗುಡಿಸಿ ಹಾಕಿದ್ದೆ. ತುಂಬಾ ಬೇಜಾರಾಯ್ತು. ಈಗ ಆ ಪದಕ್ಕೆ ಬೇರೆ ಕಾಲಮ್ ಮಾಡಿದ್ದೇನೆ.

ಜೋಡಣೆ ಸರಿಯಾಗಿದೆಯಾ ಅಂತ ಪರೀಕ್ಷಿಸುವುದು ಹೇಗೆ? ಎಲ್ಲವನ್ನೂ ಕಣ್ಣಲ್ಲಿ ನೋಡಕ್ಕಾಗಲ್ಲ.

ಷರಾಓದುಗ:
1863ರ ವಿಮೋಚನೆ ರಿಜಿಸ್ಟರ್ ಹಿಡಿಯಿರಿ. ಅಲ್ಲಿವರೆಗೆ ಈ ಜನಕ್ಕೆ ಮನೆತನದ ಹೆಸರೇ ಇರಲಿಲ್ಲ. ಬಿಡುಗಡೆಯಾದಾಗ ಕೊಟ್ಟರು, ತಾಯಿಗೂ ಮಕ್ಕಳಿಗೂ ಒಂದೇ. ಆ ಕುಟುಂಬಗಳನ್ನು ಜೋಡಣೆಗೆ ಬಳಸಬೇಡಿ, ಬದಿಗಿಡಿ. ನಿಮ್ಮ ಕೋಡ್ ತಾನಾಗಿ ಕಟ್ಟಿದ ತಾಯಿ-ಮಕ್ಕಳು ಅಲ್ಲಿ ಒಂದೇ ಮನೆತನದ ಹೆಸರಿನಡಿ ಬರ್ತಾರಾ ಅಂತ ಆಮೇಲೆ ನೋಡಿ. ಆ ಪಟ್ಟಿ ಕರಾರುವಾಕ್ಕಾಗಿದೆ, ಯಾಕೆಂದರೆ ಅದರ ಹಿಂದೆ ದುಡ್ಡಿತ್ತು. ತಲೆಗೆ 300 ಗಿಲ್ಡರ್ ಪರಿಹಾರ ಕೊಟ್ಟರು, ಕೊಟ್ಟದ್ದು ಮಾಲೀಕರಿಗೆ. ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ಸರ್ಕಾರದ ಉಸ್ತುವಾರಿಯಲ್ಲಿ ದುಡಿಯಬೇಕಿತ್ತು. ಆ ಅವಧಿ ಮುಗಿಯುವ 1873ರಲ್ಲೇ ಲಾಲಾ ರೂಖ್ ಹಡಗು ಭಾರತದ ಕೂಲಿಗಳನ್ನು ಹೊತ್ತು ಪರಾಮಾರಿಬೋಗೆ ಬಂತು. ಆ ಕಥೆ ಇನ್ನೊಂದು ದಿನ.

ಇನ್ನೊಂದು ಮಾತು. ಕೆಲವು ಪುಸ್ತಕಗಳು ಉಳಿದಿಲ್ಲ. ಒಳಬಂದ ಸಾಲಿಗೆ ಹೊರಹೋದ ಸಾಲು ಸಿಗದಿದ್ದರೆ ಸುಮ್ನೆ ಹತ್ತಿರದ ಹೆಸರಿಗೆ ಅಂಟಿಸಬೇಡಿ. 'ಇರಬಹುದು' ಅಂತ ಒಂದು ಗುರುತು ಹಾಕಿ ಬಿಡಿ. ಒಬ್ಬಳನ್ನು ತಪ್ಪಾಗಿ ಇನ್ನೊಬ್ಬಳೊಳಗೆ ಸೇರಿಸಿದರೆ ಒಂದು ಜೀವ ಪಟ್ಟಿಯಿಂದಲೇ ಅಳಿಸಿಹೋಗುತ್ತದೆ, ಆಮೇಲೆ ಯಾರೂ ಅವಳನ್ನು ಹುಡುಕುವುದಿಲ್ಲ.

ಕಡಲಬೇಲಿ:
ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು ಕುಂದಾಪುರದ ಕಡೆಯವಳು. ಡಚ್ಚರು ನಮ್ಮ ಕರಾವಳಿಯಿಂದಲೂ ಜನರನ್ನು ಒಯ್ದಿದ್ದರು ಅಂತ ಕೇಳಿದ್ದೇನೆ. ಅವರನ್ನೂ ಹೀಗೆ ಹುಡುಕಬಹುದಾ?

ಷರಾಓದುಗ:
ಅದು ಸುರಿನಾಮ್‌ಗೆ ಅಲ್ಲ, ದಕ್ಷಿಣ ಆಫ್ರಿಕಾದ ಕೇಪ್‌ಗೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಅಲ್ಲಿಗೆ ಒಯ್ದವರಲ್ಲಿ ಭಾರತದವರು ಬಹಳ. ಹೆಸರಿನ ಹಿಂದೆ 'ವಾನ್ ಬೆಂಗಾಲೆ', 'ವಾನ್ ಮಲಬಾರ್' ಅಂತ ಇರುತ್ತದೆ. ಆನ್ಸೆಲಾ ವಾನ್ ಬೆಂಗಾಲೆ ಎಂಬವಳ ಬದುಕು ಚೆನ್ನಾಗಿ ದಾಖಲಾಗಿದೆ. ಅವಳಿಗೆ 1666ರಲ್ಲಿ ಬಿಡುಗಡೆ ಸಿಕ್ಕಿತು, 1669ರಲ್ಲಿ ಮದುವೆ ಆಯ್ತು. ಆದರೆ 'ವಾನ್' ನಂತರದ ಊರು ಹಲವು ಸಲ ಹಡಗು ಹತ್ತಿಸಿದ ಕರಾವಳಿ, ಹುಟ್ಟೂರು ಅಲ್ಲ. ಮಲಬಾರ್ ಅಂತ ಬರೆದವರಲ್ಲಿ ನಮ್ಮ ಕಡೆಯವರೂ ಸೇರಿರಬಹುದು. ಆ ಒಂದು ಪದ ಹಿಡಿದು ಊರು ಹೇಳಕ್ಕಾಗಲ್ಲ.

ನೇತ್ರಾವತಿದಡ:
ಅಪ್‌ಡೇಟ್. ಖಾತೆ ಬದಲಾವಣೆ ಮೊದಲು, ತಾಯಿ ಆಮೇಲೆ, ಹೆಸರು ಕೊನೆಗೆ. ಈ ಕ್ರಮದಲ್ಲಿ ಓಡಿಸಿದೆ. ನನ್ನ ಆ ಹೆಂಗಸು ಮೂವರಾದಳು. ಒಬ್ಬಳು 1844ರಲ್ಲಿ ತೀರಿಕೊಂಡಳು, ಇನ್ನೊಬ್ಬಳು 1857ರಲ್ಲಿ. 9 ವರ್ಷಕ್ಕೆ ಹೆತ್ತವಳು ಯಾರೂ ಇಲ್ಲ. ಆ ಮಗುವಿನ ತಾಯಿ 'ಗ್ರೋಟ್', ನಾನು ಅಂಟಿಸಿದ್ದು 'ಕ್ಲೇನ್'ಗೆ.

ಮೂರನೆಯವಳು 1840ರ ದಶಕದಲ್ಲಿ ಖಾತೆಯಿಂದ ಹೊರಗೆ ಹೋಗಿದ್ದಾಳೆ. ಸತ್ತಿಲ್ಲ, ಮಾರಿಲ್ಲ, ಬೇರೆ ಯಾವ ಖಾತೆಗೂ ಬಂದಿಲ್ಲ. ಅವಳ ಮಗ ಮಾತ್ರ ಅದೇ ಮಾಲೀಕನ ಬಳಿ ಉಳಿದಿದ್ದಾನೆ. ಷರಾದಲ್ಲಿ ಒಂದು ಉದ್ದನೆಯ ಪದ ಇದೆ, ಓದಲು ಆಗ್ತಿಲ್ಲ. ಸ್ಕ್ಯಾನ್ ಹಾಕಿದ್ದೇನೆ.

ಷರಾಓದುಗ:
'ಗೆಮಾನುಮಿಟೇರ್ಡ್'. ಅಂದರೆ 1863ಕ್ಕೆ ಮೊದಲೇ ಬಿಡುಗಡೆ ಆಗಿದ್ದಾಳೆ, ಅದಕ್ಕೇ ಗುಲಾಮರ ಪುಸ್ತಕದಲ್ಲಿ ಮುಂದೆ ಕಾಣುವುದಿಲ್ಲ. ಬಿಡುಗಡೆಯಾದವರ ದಾಖಲೆಯಲ್ಲಿ ಹುಡುಕಿ. ಮನೆತನದ ಹೆಸರಿಗೆ ಹಳೆ ಮಾಲೀಕನ ಹೆಸರನ್ನು ಹಿಂದುಮುಂದು ಮಾಡಿ ನೋಡಿ. ವಿಲ್ಕೆನ್ಸ್ ಅನ್ನುವುದು ಕೆನ್ಸ್‌ವಿಲ್ ಆದ ಹಾಗೆ. ಆ ಹೆಸರು ಸಿಕ್ಕಿದರೆ ಮತ್ತೆ ಗುಲಾಮರ ರಿಜಿಸ್ಟರಿಗೇ ಬನ್ನಿ. ಈ ಸಲ ಮಾಲೀಕರ ಕಾಲಮ್‌ನಲ್ಲಿ ಹುಡುಕಿ. ಬಿಡುಗಡೆಯಾದವರು ದುಡ್ಡು ಕೂಡಿಸಿ ತಮ್ಮ ಮಕ್ಕಳನ್ನು, ಒಡಹುಟ್ಟಿದವರನ್ನು ಕೊಂಡುಕೊಂಡದ್ದುಂಟು.

ನೇತ್ರಾವತಿದಡ:
ಸಿಕ್ಕಿದಳು ಸರ್. 1851ರ ಪುಸ್ತಕದಲ್ಲಿ, ಮಾಲೀಕರ ಕಾಲಮ್‌ನಲ್ಲೇ. ಅವಳ ಖಾತೆಯಲ್ಲಿರುವುದು ಒಂದೇ ಸಾಲು, ಆ ಮಗನದ್ದು.