ರೆಂಬ್ರಾಂಟ್‌ನ ‘ದೊಡ್ಡ ಯಹೂದಿ ವಧು’ವಿನ ನಿಲುವಂಗಿಯನ್ನು ಹೊಲಿಯುವುದು ಹೇಗೆ?

ಕತ್ತರಿ:
ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ಒಬ್ಬ ಯಹೂದಿ ಹುಡುಗಿ ಬರುತ್ತಾಳೆ. ಉಡುಪಿನ ಹೊಣೆ ನನ್ನದು. ಮಾದರಿಗೆಂದು ಡಚ್ ಕಲಾವಿದ ರೆಂಬ್ರಾಂಟ್‌ನ 1635ರ ಎಚ್ಚಿಂಗ್ (ತಾಮ್ರದ ತಗಡಿನಿಂದ ಕಾಗದಕ್ಕೆ ಅಚ್ಚೊತ್ತಿದ ಚಿತ್ರ) ‘ದೊಡ್ಡ ಯಹೂದಿ ವಧು’ವನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಬಿಚ್ಚಿದ ಕೂದಲು ಭುಜ ದಾಟಿ ಇಳಿದಿದೆ, ತಲೆಗೆ ಮುತ್ತಿನ ಸರ, ಮೈತುಂಬ ನಿಲುವಂಗಿ, ಕೈಯಲ್ಲಿ ಸುತ್ತಿದ ಕಾಗದ. ಎರಡು ದಿನ ನೋಡಿದರೂ ನಿಲುವಂಗಿಯಲ್ಲಿ ಹೊಲಿಗೆಯ ಗೆರೆ ಕಾಣಲಿಲ್ಲ. ಅವನಿದ್ದ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಹುಡುಗಿಯರು ನಿಜಕ್ಕೂ ಹೀಗೆ ಉಡುತ್ತಿದ್ದರೇ?

ಹಳೆಯ ಓದುಗ:
ಕೂದಲು ಬಿಚ್ಚಿಕೊಂಡು ಮದುವೆಗೆ ಕೂರುವುದು ಯಹೂದಿ ವಧುಗಳ ಹಳೆಯ ವಾಡಿಕೆ. ಕೈಯಲ್ಲಿರುವುದು ‘ಕೆತುಬಾ’, ಅಂದರೆ ವರನು ವಧುವಿಗೆ ಕೊಡುವ ಮದುವೆಯ ಕರಾರು ಪತ್ರ. ಧೈರ್ಯವಾಗಿ ಹೊಲಿಯಿರಿ.

ತಾಮ್ರದ ತಗಡು:
ಸ್ವಲ್ಪ ತಡೆಯಿರಿ. ಆ ಹೆಸರು ರೆಂಬ್ರಾಂಟ್ ಇಟ್ಟದ್ದಲ್ಲ. ಅದು ಅವನ ಹೆಂಡತಿ ಸಾಸ್ಕಿಯಾಳ ಮುಖ ಎನ್ನುವವರಿದ್ದಾರೆ. ಇಬ್ಬರ ಮದುವೆಯಾದದ್ದು 1634ರಲ್ಲಿ. ಚಿತ್ರದವಳನ್ನು ಬೈಬಲಿನ ಯಹೂದಿ ರಾಣಿ ಎಸ್ತೇರ್ ಎಂದು ಓದುವವರಿಗೆ ಕೈಯಲ್ಲಿರುವುದು ಕರಾರು ಪತ್ರವಲ್ಲ.

1638ರ ‘ಸಣ್ಣ ಯಹೂದಿ ವಧು’ವನ್ನೂ ತೆಗೆದು ನೋಡಿ. ಅಲ್ಲಿಯೂ ಕೂದಲು ಬಿಚ್ಚಿದೆ, ಮುತ್ತಿದೆ. ಆದರೆ ಅಂಚಿನಲ್ಲಿ ಒಂದು ಚಕ್ರದ ತುಂಡು ಇಣುಕುತ್ತದೆ. ಅದು ಸಂತ ಕ್ಯಾಥರೀನಳನ್ನು ಕೊಲ್ಲಲು ತಂದ ಚಕ್ರ. ಕ್ರೈಸ್ತ ಸಂತಳನ್ನು ಜನ ಯಹೂದಿ ವಧು ಎಂದು ಕರೆದುಕೊಂಡು ಬಂದಿದ್ದಾರೆ!

ನಿಮ್ಮ ಹೊಲಿಗೆಯ ಗೆರೆಯ ವಿಷಯ: ‘ದೊಡ್ಡ ವಧು’ವಿನ ಮೊದಲ ಹಂತದ ಅಚ್ಚುಗಳಲ್ಲಿ ಮುಖ ಮತ್ತು ಕೂದಲು ಮುಗಿದಿವೆ, ಕೆಳಗಿನ ಬಟ್ಟೆ ಇನ್ನೂ ಆಗಿಲ್ಲ. ಆಮೇಲೆ ಗೆರೆಯ ಮೇಲೆ ಗೆರೆ ಹಾಕಿ ಕತ್ತಲನ್ನು ತುಂಬಿದ. ನಾನೂ ತಗಡು ಕೊರೆಯುವವನು, ಆ ಆಸೆ ನನಗೆ ಗೊತ್ತು. ಅಂಥ ಕಡೆ ಕೈ ನೆರಳನ್ನು ಹುಡುಕುತ್ತದೆ, ದರ್ಜಿಯ ಲೆಕ್ಕವನ್ನಲ್ಲ. ಸಾಲದ್ದಕ್ಕೆ ಅವನು ಹಳೆಯ ಉಡುಪುಗಳನ್ನು ಕೂಡಿಡುವ ಹುಚ್ಚಿನವನು. ಬೀದಿಯ ಹುಡುಗಿ ಉಟ್ಟದ್ದನ್ನೇ ಕೊರೆದಿದ್ದಾನೆಂದು ನಾನಂತೂ ನಂಬುವುದಿಲ್ಲ. ಹಾಂ, ತಗಡಿನ ಚಿತ್ರ ಕಾಗದದ ಮೇಲೆ ಕನ್ನಡಿಯಂತೆ ತಿರುಗಿ ಬೀಳುತ್ತದೆ. ಸುರುಳಿ ಎಡಗೈಯೋ ಬಲಗೈಯೋ ಎಂದು ನಟಿಯನ್ನು ಕಾಡಬೇಡಿ.

ಹಳೆಯ ಓದುಗ:
ಚಕ್ರ ನೋಡಿದೆ. ಒಪ್ಪಿದೆ. ಕೆತುಬಾವನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಕತ್ತರಿ:
ನಾಲ್ಕು ಮೀಟರ್ ಮಖಮಲ್ಲು ತಂದಾಗಿದೆ, ಪುಣ್ಯಕ್ಕೆ ಕತ್ತರಿಸಿಲ್ಲ. ಹೊಲಿಯದೆ ಭುಜಕ್ಕೆ ಪಿನ್ನು ಹಾಕಿ ಇಳಿಬಿಡುತ್ತೇನೆ. ಸುರುಳಿ ಇರಲಿ, ನಮ್ಮ ನಾಟಕದಲ್ಲಿ ಅದು ಅವಳ ಅಪ್ಪ ಬರೆದ ಕಾಗದ.